ಡಿಸ್ಕ್ ಆಪರೇಶನ್ನಿನಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ಡಿಸ್ಕ್ ಜಾರಿದೆ ಎಂದು ಮಾಡುವ ಆಪರೇಶನ್ನಿನಲ್ಲಿ ಡಿಸ್ಕನ್ನು ಯಾರೂ ಹಿಂದಕ್ಕೆ ತಳ್ಳಿ ಕೂರಿಸುವುದಿಲ್ಲ. ಸಾಮಾನ್ಯವಾಗಿ ಅದನ್ನು ಹೊಲಿಯುವುದಿಲ್ಲ, ಹೊಸದನ್ನು ಹಾಕುವುದೂ ಇಲ್ಲ. ಹೊರಗೆ ಬಂದು ನರವನ್ನು ಒತ್ತುತ್ತಿರುವ ತುಂಡನ್ನು ತೆಗೆದು, ಗಾಯ ಮುಚ್ಚುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಕಡೆಯಿಂದ ಎಂಆರ್‌ಐ ಲಕೋಟೆ ಹಿಡಿದು ಮಂಗಳೂರಿಗೆ ಹೋಗುವವರು ಸಾಮಾನ್ಯವಾಗಿ ಕೇಳುವುದು "ಆಪರೇಶನ್ ಮಾಡಿದರೆ ಸೊಂಟ ಬೇನೆ ಸರಿಯಾಗುತ್ತದಾ?" ಎಂದು. ಈ ಆಪರೇಶನ್ ಉತ್ತರ ಕೊಡಬಲ್ಲ ಪ್ರಶ್ನೆ ಬೇರೆ: "ಕಾಲಿಗೆ ಇಳಿಯುವ ಬೇನೆ ಹೋಗುತ್ತದಾ?" ಈ ಎರಡು ಪ್ರಶ್ನೆಗಳ ನಡುವಿನ ಅಂತರ ಗೊತ್ತಾದರೆ ಯಾರಿಗೆ ಆಪರೇಶನ್ ಬೇಕು, ಯಾವಾಗ ಬೇಕು, ಆದ ಮೇಲೂ ಕೆಲವರಿಗೆ ಬೇನೆ ಯಾಕೆ ಉಳಿಯುತ್ತದೆ ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಡಿಸ್ಕ್ ಎಂದರೆ

ಬೆನ್ನಿನಲ್ಲಿ ಒಟ್ಟು 23 ಡಿಸ್ಕ್‌ಗಳಿವೆ. ಎರಡು ಬೆನ್ನೆಲುಬುಗಳ ನಡುವೆ ಒಂದೊಂದು. ಸೊಂಟದ ಡಿಸ್ಕ್ ಸುಮಾರು 1 ಸೆಂಟಿಮೀಟರ್ ದಪ್ಪ. ಅದರ ಹೊರಭಾಗ ಆನ್ಯುಲಸ್ ಎಂಬ ನಾರಿನ ಉಂಗುರ: ಒಂದರ ಮೇಲೊಂದು ಸುತ್ತಿದ 15ರಿಂದ 25 ಪದರ. ಒಂದು ಪದರದ ನಾರು ಬಲಕ್ಕೆ ಓರೆಯಾಗಿದ್ದರೆ ಮುಂದಿನದು ಎಡಕ್ಕೆ ಓರೆ. ಆದ್ದರಿಂದಲೇ ಮೈ ಯಾವ ಕಡೆಗೆ ತಿರುಚಿದರೂ ಕೆಲವು ಪದರಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಒಳಗಿರುವುದು ನ್ಯೂಕ್ಲಿಯಸ್. ಎಳೆಯ ಪ್ರಾಯದಲ್ಲಿ ಅದು ಬೊಂಡದ ಒಳಗಿನ ಎಳೆ ಗಂಜಿಯ ಹಾಗೆ ನೀರು ತುಂಬಿ ಮೆತ್ತಗಿರುತ್ತದೆ. ಪ್ರಾಯವಾದಂತೆ ನೀರು ಕಡಿಮೆಯಾಗಿ ನಾರುನಾರಾಗುತ್ತದೆ. ಆಪರೇಶನ್ನಿನಲ್ಲಿ ಹೊರಬರುವ ತುಂಡು ಬೇಯಿಸಿದ ಏಡಿಯ ಮಾಂಸದಂತೆ ಬೆಳ್ಳಗೆ, ಎಳೆಎಳೆಯಾಗಿ ಕಾಣುತ್ತದೆ.

ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಇರುವುದಿಲ್ಲ. ಮೇಲೆ ಕೆಳಗೆ ಇರುವ ಎಲುಬಿನಿಂದ ಆಹಾರ ಮೆಲ್ಲನೆ ಜಿನುಗಿ ಬರಬೇಕು. ಆನ್ಯುಲಸ್ ಹರಿದರೆ ಚರ್ಮದ ಗಾಯದ ಹಾಗೆ ಬೇಗ ಕೂಡಿಕೊಳ್ಳದಿರುವುದಕ್ಕೆ ಇದೇ ಕಾರಣ. ಕೂಡಿದರೂ ಬರುವುದು ಮೊದಲಿನ ನೇಯ್ಗೆಯಲ್ಲ, ತೆಳುವಾದ ಗಾಯದ ಕಲೆ.

ಉಂಗುರ ಹರಿಯದೆ ಅಗಲಕ್ಕೆ ಉಬ್ಬಿದ್ದರೆ ರಿಪೋರ್ಟಿನಲ್ಲಿ "ಬಲ್ಜ್" ಎಂದು ಬರೆಯುತ್ತಾರೆ. ಒಂದು ಕಡೆ ಮಾತ್ರ ಮುಂದೆ ಚಾಚಿದ್ದರೆ "ಪ್ರೊಟ್ರೂಶನ್". ಒಳಗಿನದು ಕಿರಿದಾದ ಬಾಯಿಯಿಂದ ಹೊರಚಿಮ್ಮಿದ್ದರೆ "ಎಕ್ಸ್‌ಟ್ರೂಶನ್". ಆ ತುಂಡು ಡಿಸ್ಕಿನಿಂದ ಪೂರ್ತಿ ಕಳಚಿಕೊಂಡಿದ್ದರೆ "ಸೀಕ್ವೆಸ್ಟ್ರೇಶನ್". ಕೇಳುವುದಕ್ಕೆ ಕೊನೆಯದೇ ಭಯಂಕರ. ಆದರೆ ತಾನಾಗಿ ಕರಗುವ ಸಂಭವ ಹೆಚ್ಚಿರುವುದು ಅದಕ್ಕೇ. ಹೊರಬಂದ ತುಂಡನ್ನು ದೇಹ ಹೊರಗಿನ ವಸ್ತು ಎಂದು ಗುರುತಿಸುತ್ತದೆ. ಅದರ ಸುತ್ತ ಹೊಸ ರಕ್ತನಾಳಗಳು ಬೆಳೆಯುತ್ತವೆ, ರಕ್ಷಕ ಕಣಗಳು ಬಂದು ತುಂಡನ್ನು ತಿಂದು ಮುಗಿಸುತ್ತವೆ. ಬರೀ ಬಲ್ಜ್ ಆಗಿ ಉಂಗುರದ ಒಳಗೇ ಕೂತದ್ದು ಹಾಗೆ ಕರಗುವುದು ಕಡಿಮೆ.

ನರ ಎಲ್ಲಿ ಸಿಕ್ಕಿಬೀಳುತ್ತದೆ

ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಎಲುಬಿನ ಮಟ್ಟದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ಇಳಿಬಿದ್ದ ನರಗಳ ಕಟ್ಟು ಮಾತ್ರ. ಸೊಂಟದಲ್ಲಿ ಜಾರುವ ಡಿಸ್ಕ್‌ಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಕೆಳಗಿನ ಎರಡೇ: ಎಲ್4–ಎಲ್5 ಮತ್ತು ಎಲ್5–ಎಸ್1 (ಎಲ್ ಎಂದರೆ ಸೊಂಟದ ಎಲುಬು, ಎಸ್ ಎಂದರೆ ಅದರ ಕೆಳಗಿನ ತ್ರಿಕಾಸ್ಥಿ). ಇವು ಸಾಮಾನ್ಯವಾಗಿ ಒತ್ತುವುದು ಕೆಳಗಿನ ಸಂಖ್ಯೆಯ ನರವನ್ನು. ಅಂದರೆ ಎಲ್4–ಎಲ್5 ಡಿಸ್ಕ್ ಎಲ್5 ನರವನ್ನು, ಎಲ್5–ಎಸ್1 ಡಿಸ್ಕ್ ಎಸ್1 ನರವನ್ನು. ತುಂಡು ತೀರಾ ಹೊರಬದಿಗೆ ಹೋಗಿದ್ದರೆ ಲೆಕ್ಕ ಬದಲಾಗಿ ಮೇಲಿನ ನರ ಸಿಕ್ಕಿಬೀಳುತ್ತದೆ.

ಎಲ್5 ನರ ಸಿಕ್ಕಿದರೆ ಬೇನೆ ಪೃಷ್ಠದಿಂದ ತೊಡೆಯ ಹೊರಬದಿ, ಮೊಣಕಾಲಿನ ಹೊರಬದಿ ದಾಟಿ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಬರುತ್ತದೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ಹೋಗುತ್ತದೆ. ಹಿಮ್ಮಡಿಯ ಮೇಲೆ ನಡೆಯಲು ಹೇಳಿದರೆ ಆ ಕಾಲಿನ ಮುಂಭಾಗ ನೆಲಕ್ಕೆ ಬೀಳುತ್ತದೆ. ಎಸ್1 ಆದರೆ ಬೇನೆ ತೊಡೆ ಮತ್ತು ಮೀನಖಂಡದ ಹಿಂಬದಿಯಲ್ಲಿ ಇಳಿದು ಕಿರುಬೆರಳಿನ ಬದಿಗೆ ಹೋಗುತ್ತದೆ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿಯನ್ನು ಹತ್ತು ಸಲ ಎತ್ತಲು ಆಗುವುದಿಲ್ಲ. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾದರೆ ಅದನ್ನು ಡಾಕ್ಟರಿಗೆ ಖಂಡಿತ ಹೇಳಬೇಕು.

ಭಾಷೆಯ ವಿಷಯದಲ್ಲೂ ಒಂದು ಮಾತು. ಕಾಸರಗೋಡಿನ ಕನ್ನಡಿಗರು ಎಷ್ಟೋ ಸಲ ಮಲಯಾಳ ಮಾತ್ರ ಬಲ್ಲ ಡಾಕ್ಟರ ಮುಂದೆ ಕೂತಿರುತ್ತಾರೆ. ಜುಮುಜುಮು ಎನ್ನುವುದಕ್ಕೆ "ತರಿಪ್ಪು", ಮರಗಟ್ಟುವುದಕ್ಕೆ "ಮರವಿಪ್ಪು" ಎಂದು ಬೇರೆ ಬೇರೆಯಾಗಿ ಹೇಳಿ. ಬೇನೆ, ಜುಮುಜುಮು, ಮರಗಟ್ಟುವುದು, ಬಲ ಇಲ್ಲದಿರುವುದು ಈ ನಾಲ್ಕೂ ಬೇರೆ ಬೇರೆ ಲಕ್ಷಣ. "ಕಾಲು ಸೋಲುತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಬೆರಳಿನಿಂದ ಬೇನೆಯ ದಾರಿಯನ್ನು ಸೊಂಟದಿಂದ ಪಾದದವರೆಗೆ ಗೆರೆ ಎಳೆದು ತೋರಿಸಿದರೆ ಯಾವ ಭಾಷೆಯೂ ಬೇಕಾಗುವುದಿಲ್ಲ.

ಪರೀಕ್ಷೆಯಲ್ಲಿ ನಿಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಕಾಲನ್ನು ಮೇಲೆತ್ತುತ್ತಾರೆ. 30ರಿಂದ 70 ಡಿಗ್ರಿಯ ನಡುವೆ ಬೇನೆ ಮೊಣಕಾಲಿನ ಕೆಳಕ್ಕೆ ಚಿಮ್ಮಿದರೆ ನರ ಬಿಗಿದಿದೆ ಎಂದು ಲೆಕ್ಕ. ಬೇನೆ ಇಲ್ಲದ ಕಾಲನ್ನು ಎತ್ತಿದಾಗ ಬೇನೆಯ ಕಾಲಿಗೆ ಚಿಮ್ಮಿದರೆ ಡಿಸ್ಕ್ ಜಾರಿರುವ ಸಂಭವ ಇನ್ನೂ ಬಲವಾಗುತ್ತದೆ.

ಫಿಲ್ಮು ಒಂದೇ ಸಾಕ್ಷಿಯಲ್ಲ

ಯಾವ ಸೊಂಟ ಬೇನೆಯೂ ಇಲ್ಲದ 98 ಜನರ ಎಂಆರ್‌ಐ ತೆಗೆದು 1994ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ 52 ಶೇಕಡ ಜನರಿಗೆ ಬಲ್ಜ್ ಇತ್ತು, 27 ಶೇಕಡ ಜನರಿಗೆ ಪ್ರೊಟ್ರೂಶನ್ ಇತ್ತು. ಎಕ್ಸ್‌ಟ್ರೂಶನ್ ಇದ್ದದ್ದು 1 ಶೇಕಡ ಜನರಿಗೆ ಮಾತ್ರ. ಅಂದರೆ 50 ದಾಟಿದವರ ರಿಪೋರ್ಟಿನಲ್ಲಿ ಮೂರು ನಾಲ್ಕು ಡಿಸ್ಕ್ ಬಲ್ಜ್ ಎಂದು ಬರೆದಿರುವುದು ತಲೆಗೂದಲು ನರೆತಿದೆ ಎಂದಷ್ಟೇ ಸಹಜ. ಬೇನೆಯ ದಾರಿ, ಪರೀಕ್ಷೆಯಲ್ಲಿ ಕಂಡ ಬಲಹೀನತೆ, ಎಂಆರ್‌ಐಯಲ್ಲಿ ಒತ್ತಿದ ನರ ಈ ಮೂರೂ ಒಂದೇ ಜಾಗವನ್ನು, ಒಂದೇ ಬದಿಯನ್ನು ತೋರಿಸಬೇಕು. ಬಲಗಾಲಿನ ಬೇನೆಗೆ ಎಡಬದಿಯ ತುಂಡು ಕಾರಣವಾಗುವುದು ತೀರಾ ಅಪರೂಪ. ಮೂರೂ ಕೂಡಿಬರದಿದ್ದರೆ ಆಪರೇಶನ್ ಎಷ್ಟೇ ಚೆನ್ನಾಗಿ ನಡೆದರೂ ಫಲ ಕೊಡುವುದಿಲ್ಲ. ಡಿಸ್ಕ್ ಆಪರೇಶನ್ ಸೋತಿತು ಎಂಬ ದೂರುಗಳಲ್ಲಿ ಬಹುಪಾಲಿನ ಬೇರು ಚಾಕು ಹಿಡಿಯುವ ಮೊದಲಿನ ಈ ಹಂತದಲ್ಲೇ ಇರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಯಾವಾಗ ಕಾಯಬೇಕು, ಯಾವಾಗ ಕಾಯಬಾರದು

ಹೆಚ್ಚಿನವರ ಕಾಲಿನ ಬೇನೆ 6ರಿಂದ 12 ವಾರಗಳಲ್ಲಿ ತುಂಬಾ ಮಟ್ಟಿಗೆ ಇಳಿಯುತ್ತದೆ. ಆ ಹೊತ್ತು ಕಳೆಯಲು ನೋವಿನ ಮಾತ್ರೆ, ಆದಷ್ಟು ನಡೆದಾಟ, ಭಾರ ಎತ್ತದಿರುವುದು ಬೇಕು. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿಯೇ ಇರುವುದರಿಂದ ಪ್ರಯೋಜನವಿಲ್ಲ, ಬೆನ್ನಿನ ಸ್ನಾಯು ಸೊರಗುತ್ತದೆ. ಪ್ರಿಗ್ಯಾಬಲಿನ್ ಮಾತ್ರೆಯನ್ನು ಈ ಬೇನೆಗೆ ಧಾರಾಳವಾಗಿ ಬರೆಯುತ್ತಾರೆ. ಆದರೆ 2017ರಲ್ಲಿ ಪ್ರಕಟವಾದ ಒಂದು ಒಳ್ಳೆಯ ಪರೀಕ್ಷೆಯಲ್ಲಿ ಅದು ಸಯಾಟಿಕಾ, ಅಂದರೆ ಕಾಲಿಗೆ ಇಳಿಯುವ ನರದ ಬೇನೆಯನ್ನು ಖಾಲಿ ಮಾತ್ರೆಗಿಂತ ಹೆಚ್ಚು ಇಳಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚು ಬಂತು. ನರದ ಬುಡಕ್ಕೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಉಪಶಮನ ಕೊಡಬಹುದು. ತುಂಡು ತಾನಾಗಿ ಕರಗುವವರೆಗೆ ದಿನ ದೂಡಲು ಅದೊಂದು ದಾರಿ.

ಕಾಯುವವರಿಗೂ ಬೇಗ ಆಪರೇಶನ್ ಮಾಡಿಸಿಕೊಳ್ಳುವವರಿಗೂ ಎಷ್ಟು ವ್ಯತ್ಯಾಸ? ನೆದರ್ಲೆಂಡಿನಲ್ಲಿ 6ರಿಂದ 12 ವಾರ ಬೇನೆ ಅನುಭವಿಸಿದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. 2007ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಬೇಗ ಆಪರೇಶನ್ ಆದವರ ಬೇನೆ ಬೇಗ ಇಳಿಯಿತು. ಕಾಯಲು ಹೇಳಿದವರಲ್ಲಿ 39 ಶೇಕಡ ಜನ ತಾಳಲಾರದೆ ನಂತರ ಆಪರೇಶನ್ ಮಾಡಿಸಿಕೊಂಡರು. ಆದರೆ ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ 95 ಶೇಕಡ ಜನ ಗುಣವಾಗಿದ್ದರು. ಹಾಗಾಗಿ ಬಲಹೀನತೆ ಇಲ್ಲದೆ ಬರೀ ಬೇನೆ ಇರುವವರಿಗೆ ಆಪರೇಶನ್ ಕೊಡುವುದು ಮುಖ್ಯವಾಗಿ ಸಮಯವನ್ನು. ಹೊತ್ತು ಮೂಡುವುದಕ್ಕೆ ಮೊದಲೇ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರಿಗೆ, ದಿನಗೂಲಿಯಲ್ಲಿ ಮನೆ ನಡೆಸುವವರಿಗೆ ಮೂರು ತಿಂಗಳು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಕೈಯಾಸರೆ ಇರುವವರು ಕಾಯಬಹುದು. ಈ ನಿರ್ಧಾರದಲ್ಲಿ ರೋಗಿಯ ಬದುಕಿಗೂ ಡಾಕ್ಟರ ಮಾತಿನಷ್ಟೇ ಬೆಲೆ ಇದೆ.

ಕಾಯಬಾರದ ಸಂದರ್ಭ ಎರಡು. ಒಂದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು, ಪಾದ ಜೋತುಬೀಳುವುದು. ಬೇನೆ ಒಮ್ಮೆಲೇ ಹೋಗಿ ಪಾದ ಸೋತುಬಿಟ್ಟರೆ ಅದು ಗುಣವಾದ ಲಕ್ಷಣವಲ್ಲ, ನರ ಸಾಯುತ್ತಿರುವ ಲಕ್ಷಣ. ಎರಡನೆಯದು ಇನ್ನೂ ಗಂಭೀರ. ದೊಡ್ಡ ತುಂಡು ನಡುವಿನಲ್ಲೇ ಬಂದು ಕುದುರೆಬಾಲದ ನರಗಳೆಲ್ಲವನ್ನೂ ಒತ್ತುವುದು. ಮೂತ್ರ ಬರುವುದಿಲ್ಲ, ಅಥವಾ ತುಂಬಿದ್ದೇ ಗೊತ್ತಾಗದೆ ಸೋರುತ್ತದೆ. ಶೌಚದ ನಂತರ ತೊಳೆಯುವಾಗ ನೀರು ಬಿದ್ದದ್ದು ಗೊತ್ತಾಗುವುದಿಲ್ಲ. ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುತ್ತದೆ. ಎರಡೂ ಕಾಲಿಗೆ ಬೇನೆ ಇಳಿಯಬಹುದು. ಮೂತ್ರ ಮಾಡಿದ ಮೇಲೂ ಚೀಲದಲ್ಲಿ 200 ಮಿಲಿಲೀಟರಿಗಿಂತ ಹೆಚ್ಚು ಉಳಿದಿದೆಯೇ ಎಂದು ಸ್ಕ್ಯಾನಿಂಗಿನಲ್ಲಿ ನೋಡುತ್ತಾರೆ. ಇದಕ್ಕೆ 48 ಗಂಟೆಯ ಒಳಗೆ, ಆದಷ್ಟೂ ಬೇಗ, ಆಪರೇಶನ್ ಆಗಬೇಕು. ತಡವಾದರೆ ಮೂತ್ರದ ಹಿಡಿತ ಜೀವನಪರ್ಯಂತ ಹೋಗಬಹುದು. ಈ ಲಕ್ಷಣಗಳನ್ನು ಹೆಂಗಸರು ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ಮೂರು ದಿನ ಕಳೆಯುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಸೋಮವಾರದ ಒಪಿಗೆ ಕಾಯದೆ, ರಾತ್ರಿಯಾದರೂ ಹೊರಡಿ. ಹೊರಡುವ ಮೊದಲು ಫೋನ್ ಮಾಡಿ, ಎಂಆರ್‌ಐಯೂ ಬೆನ್ನಿನ ಸರ್ಜನ್ನರೂ ಆ ಹೊತ್ತಿಗೆ ಸಿಗುವ ಆಸ್ಪತ್ರೆ ಯಾವುದೆಂದು ಕೇಳಿಕೊಳ್ಳಿ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಉತ್ತರದ ಊರುಗಳಿಗೆ ಅದೇ ಹತ್ತಿರ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ಹತ್ತಿರವೂ ಎಷ್ಟು ದೂರವಾಗಬಲ್ಲದು ಎಂದು ಈ ಜಿಲ್ಲೆ ಕಂಡಿದೆ. ತೆಂಕಣ ಕಡೆಯ ಆಸ್ಪತ್ರೆಗೆ ಹೋಗುವ ದಾರಿಯೂ ಒಂದು ಗೊತ್ತಿರಲಿ.

ಕಾಲಿನ ಬಲ ಕಡಿಮೆಯಾಗಿರುವವರು, ಮೂತ್ರದ ತೊಂದರೆ ಇರುವವರು ಸೊಂಟವನ್ನು ಲಟಕ್ಕೆಂದು ತಿರುಚಿ ಉಳುಕು ತೆಗೆಯುವವರ ಕೈಗೆ ಮೈ ಕೊಡಬಾರದು. ಎಣ್ಣೆ ಹಚ್ಚಿ ಮೆಲ್ಲನೆ ನೀವುವುದರಿಂದ ಬಿಗಿದ ಸ್ನಾಯುವಿಗೆ ಹಿತವಾಗಬಹುದು, ಜಾರಿದ ತುಂಡು ಅದರಿಂದ ಒಳಗೆ ಹೋಗುವುದಿಲ್ಲ.

ತಯಾರಿ

ಎಂಆರ್‌ಐ ಹಳೆಯದಾಗಿದ್ದರೆ, ಅಥವಾ ನಡುವೆ ಲಕ್ಷಣ ಬದಲಾಗಿದ್ದರೆ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ತುಂಡು ಅಷ್ಟರಲ್ಲಿ ಕರಗಿರಬಹುದು, ಜಾಗ ಬಿಟ್ಟು ಸರಿದಿರಲೂಬಹುದು. ರಿಪೋರ್ಟಿನ ಕಾಗದ ಮಾತ್ರ ಸಾಲದು, ಫಿಲ್ಮು ಅಥವಾ ಸಿಡಿ ಬೇಕು. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಮೊದಲೇ ತಿಳಿಸಬೇಕು. ಕ್ಲೋಪಿಡೋಗ್ರೆಲ್ ಆದರೆ ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆ ನಿಲ್ಲಿಸಬೇಕು, ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿದವರು ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕಿನ ಭಯ ಹೆಚ್ಚು. ಬೀಡಿ, ಸಿಗರೇಟು ಸೇದುವವರಲ್ಲಿ ಗಾಯ ನಿಧಾನ ಮಾಯುತ್ತದೆ, ಡಿಸ್ಕ್ ಮತ್ತೆ ಜಾರುವುದೂ ಹೆಚ್ಚು. ಎಲೆಯಡಿಕೆಯ ಜೊತೆ ಹಾಕುವ ಹೊಗೆಸೊಪ್ಪಿನಲ್ಲಿರುವುದೂ ಅದೇ ನಿಕೋಟಿನ್. ಊಟ ನಿಲ್ಲಿಸಿ 6 ಗಂಟೆ ಆಗಿರಬೇಕು. ಗಂಜಿನೀರು, ಹಾಲು ಹಾಕಿದ ಚಹಾ ಎರಡನ್ನೂ ಊಟವೆಂದೇ ಎಣಿಸಬೇಕು. ಬರೀ ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಬಹುದು.

ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್ ಇರುವವರು ಗಡಿಯಾಚೆಯ ಆಸ್ಪತ್ರೆಗೆ ಹೋಗುವುದಾದರೆ, ಕೇರಳದ ಆ ಕಾರ್ಡ್ ಅಲ್ಲಿ ಈ ಆಪರೇಶನ್ನಿಗೆ ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ವಿಮೆಯ ಕೌಂಟರಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಅಡ್ಮಿಟ್ ಆದ ಮೇಲೆ ಕೇಳಿದರೆ ದಾರಿಗಳು ಕಡಿಮೆ.

ಮೇಜಿನ ಮೇಲೆ

ಇವತ್ತು ಹೆಚ್ಚಾಗಿ ಮಾಡುವುದು ಮೈಕ್ರೋಡಿಸ್ಕೆಕ್ಟಮಿ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸಣ್ಣ ಗಾಯದ ಮೂಲಕ ತುಂಡು ತೆಗೆಯುವುದು. ಜಾರಿದ ಡಿಸ್ಕೇ ಸಯಾಟಿಕಾಕ್ಕೆ ಕಾರಣ ಎಂದು ಅಮೆರಿಕದ ಸರ್ಜನ್ನರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಆಗ ಎಲುಬನ್ನು ಅಗಲವಾಗಿ ಕಡಿದು ಒಳಗೆ ಹೋಗುತ್ತಿದ್ದರು. 1977ರ ಹೊತ್ತಿಗೆ ಯಾಸರ್ಗಿಲ್ ಮತ್ತು ಕಾಸ್ಪರ್ ಎಂಬ ಸರ್ಜನ್ನರು ಸೂಕ್ಷ್ಮದರ್ಶಕ ತಂದ ಮೇಲೆ ಗಾಯ ಚಿಕ್ಕದಾಯಿತು.

ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಗಾಯ ಮಾಡುವ ಮೊದಲಿನ ಒಂದು ಗಂಟೆಯ ಒಳಗೆ ಆ್ಯಂಟಿಬಯಾಟಿಕ್, ಸಾಮಾನ್ಯವಾಗಿ ಸೆಫಾಜೊಲಿನ್ 2 ಗ್ರಾಂ, ರಕ್ತಕ್ಕೆ ಹೋಗಿರಬೇಕು. ನಂತರ ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಇಲ್ಲೇ ಒಂದು ನಾಜೂಕು ಇದೆ. ಎದೆ ಮತ್ತು ಸೊಂಟದ ಎಲುಬಿಗೆ ಮಾತ್ರ ಆಧಾರ ಕೊಟ್ಟು ಹೊಟ್ಟೆಯನ್ನು ಜೋತುಬಿಡಬೇಕು. ಹೊಟ್ಟೆ ಒತ್ತಿದರೆ ರಕ್ತ ಹಿಂದಕ್ಕೆ ನುಗ್ಗಿ ನರದ ಸುತ್ತಲಿನ ಸಣ್ಣ ರಕ್ತನಾಳಗಳು ಉಬ್ಬುತ್ತವೆ, ಆಮೇಲೆ ಆ ಇಕ್ಕಟ್ಟಿನಲ್ಲಿ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ಕಣ್ಣಿಗೆ ಒತ್ತಡ ಬೀಳದಂತೆಯೂ ನೋಡಿಕೊಳ್ಳಬೇಕು.

ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಕೆಳಗೆ ಸೂಜಿ ಇಟ್ಟು ಯಾವ ಡಿಸ್ಕಿನ ಮಟ್ಟ ಎಂದು ಗುರುತಿಸುತ್ತಾರೆ. ಮೇಲಿನ ಅಥವಾ ಕೆಳಗಿನ ಡಿಸ್ಕಿಗೆ ತಪ್ಪಿ ಹೋಗುವುದು ಈ ಆಪರೇಶನ್ನಿನ ಹಳೆಯ ಶಾಪ. ಕೆಲವರಿಗೆ ಹುಟ್ಟಿನಿಂದಲೇ ಐದನೇ ಎಲುಬು ತ್ರಿಕಾಸ್ಥಿಗೆ ಅಂಟಿರುತ್ತದೆ, ಇನ್ನು ಕೆಲವರಿಗೆ ಆರನೆಯ ಎಲುಬಿನಂತೆ ಒಂದು ಹೆಚ್ಚಾಗಿ ಕಾಣುತ್ತದೆ. ಅಂಥವರಲ್ಲಿ ಎಣಿಕೆ ತಪ್ಪುವುದು ಸುಲಭ. ಅದಕ್ಕಾಗಿ ಎಲುಬು ತಲುಪಿದ ಮೇಲೆ ಮತ್ತೊಮ್ಮೆ ಎಕ್ಸ್‌ರೇ ತೆಗೆದು ನೋಡುವುದು ಒಳ್ಳೆಯ ಸರ್ಜನ್ನರ ಕ್ರಮ.

ಚರ್ಮದ ಗಾಯ 2.5ರಿಂದ 3 ಸೆಂಟಿಮೀಟರ್. ಒಂದು ಬದಿಯ ಸ್ನಾಯುವನ್ನು ಎಲುಬಿನಿಂದ ಸರಿಸಿ, ಗಾಯವನ್ನು ತೆರೆದು ಹಿಡಿಯುವ ರಿಟ್ರಾಕ್ಟರ್ ಹಾಕುತ್ತಾರೆ. ಮೇಲಿನ ಎಲುಬಿನ ಅಂಚನ್ನು ಡ್ರಿಲ್ಲಿನಿಂದ ಅಥವಾ ಕೆರಿಸನ್ ಎಂಬ ಕಚ್ಚುವ ಇಕ್ಕಳದಿಂದ ಕೆಲವು ಮಿಲಿಮೀಟರ್ ತೆಗೆಯುತ್ತಾರೆ. ಬದಿಯ ಕೀಲಿನ ಒಳಭಾಗವನ್ನೂ ಸ್ವಲ್ಪ ತೆಗೆಯಬೇಕಾಗಬಹುದು, ಆದರೆ ಅರ್ಧಕ್ಕಿಂತ ಹೆಚ್ಚು ಉಳಿಯಲೇಬೇಕು. ಹೆಚ್ಚು ಹೋದರೆ ಆ ಜಾಗ ಸಡಿಲವಾಗಿ ಮುಂದೆ ರಾಡು, ಸ್ಕ್ರೂ ಹಾಕುವ ಪರಿಸ್ಥಿತಿ ಬರುತ್ತದೆ. ಎಲುಬಿನ ಕೆಳಗೆ ಹಳದಿ ಬಣ್ಣದ ದಪ್ಪ ಪಟ್ಟಿ, ಲಿಗಮೆಂಟಮ್ ಫ್ಲೇವಮ್. ಅದನ್ನು ತೆರೆದರೆ ನರಗಳ ಕಟ್ಟನ್ನು ಸುತ್ತಿರುವ ಬಿಳಿಯ ಡ್ಯೂರಾ ಚೀಲ ಮತ್ತು ಅದರ ಬದಿಯಲ್ಲಿ ಇಳಿಯುವ ನರದ ಬೇರು ಕಾಣುತ್ತದೆ. ನರ ಬಿಗಿದು ಚಪ್ಪಟೆಯಾಗಿ, ಊದಿಕೊಂಡು ಕೆಂಪಗಿರುತ್ತದೆ.

ಇಡೀ ಆಪರೇಶನ್ನಿನಲ್ಲಿ ಅತಿ ಸೂಕ್ಷ್ಮವಾದದ್ದು ಮುಂದಿನ ಕೆಲಸ. ನರವನ್ನು ಮೆಲ್ಲನೆ ನಡುವಿನ ಕಡೆಗೆ ಸರಿಸಿ ಹಿಡಿಯಬೇಕು. ಜೋರಾಗಿ, ತುಂಬಾ ಹೊತ್ತು ಎಳೆದು ಹಿಡಿದರೆ ಬಲ ಹೋಗಬಹುದು. ಆದ್ದರಿಂದ ನಡುನಡುವೆ ಬಿಡುತ್ತಾರೆ. ಅದರ ಕೆಳಗೆ ಉಬ್ಬಿದ ತುಂಡು ಕಾಣುತ್ತದೆ. ಕೆಲವೊಮ್ಮೆ ಮೇಲಿನ ಪೊರೆ ಬಿಡಿಸಿದ ಕೂಡಲೇ ತಾನಾಗಿ ಹೊರಬರುತ್ತದೆ. ಇಲ್ಲವಾದರೆ ಉದ್ದ ಮೂತಿಯ ಇಕ್ಕಳದಿಂದ ಹಿಡಿದು ತೆಗೆಯುತ್ತಾರೆ. ಡಿಸ್ಕಿನ ಒಳಗೆ ಸಡಿಲವಾಗಿ ಆಡುತ್ತಿರುವ ಚೂರುಗಳಿದ್ದರೆ ಅವನ್ನೂ ತೆಗೆಯುತ್ತಾರೆ. ಇಕ್ಕಳ ಡಿಸ್ಕಿನ ಒಳಗೆ 3 ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಮುಂಭಾಗದ ಗೋಡೆ ದಾಟಿದರೆ ಅಲ್ಲೇ ಹೊಟ್ಟೆಯ ದೊಡ್ಡ ರಕ್ತನಾಳಗಳಿವೆ. ಅವಕ್ಕೆ ಪೆಟ್ಟಾಗುವುದು ತೀರಾ ಅಪರೂಪ, ಆದರೆ ಪೆಟ್ಟಾದರೆ ಪ್ರಾಣಕ್ಕೇ ಬರುತ್ತದೆ.

ಕೊನೆಗೆ ಮೊಂಡು ಕೊಕ್ಕೆಯಿಂದ ನರದ ಸುತ್ತ, ಅದು ಹೊರಹೋಗುವ ರಂಧ್ರದವರೆಗೆ ತಡವಿ ನೋಡಿ, ನರ ಆರಾಮವಾಗಿ ಸರಿದಾಡುತ್ತದೆ ಎಂದು ಖಾತ್ರಿಯಾದ ಮೇಲೆ ಸಲೈನಿನಿಂದ ತೊಳೆದು ಪದರ ಪದರವಾಗಿ ಹೊಲಿಯುತ್ತಾರೆ. ಒಟ್ಟು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ತೆಗೆದ ತುಂಡು ಹೆಚ್ಚಾಗಿ ಕಡಲೆಯಿಂದ ನೆಲಗಡಲೆ ಬೀಜದ ಗಾತ್ರದ್ದು. ನಮ್ಮ ದೇಶದಲ್ಲಿ ಬೆನ್ನಿನ ಕ್ಷಯ ಇನ್ನೂ ಇರುವುದರಿಂದ, ಸ್ವಲ್ಪ ಸಂಶಯ ಬಂದರೂ ಅದನ್ನು ಪರೀಕ್ಷೆಗೆ ಕಳಿಸುವುದು ಜಾಣತನ.

ಟ್ಯೂಬಿನ ಮೂಲಕ ಮಾಡುವುದಾದರೆ ಸುಮಾರು 18 ಮಿಲಿಮೀಟರ್ ಕೊಳವೆ, ಎಂಡೋಸ್ಕೋಪ್ ಆದರೆ 7–8 ಮಿಲಿಮೀಟರ್. ಸ್ನಾಯುವಿಗೆ ಪೆಟ್ಟು ಕಡಿಮೆ, ಮೊದಲ ಕೆಲವು ದಿನದ ಬೇನೆಯೂ ಕಡಿಮೆ. ಒಂದು ವರ್ಷದ ನಂತರದ ಫಲದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಯಂತ್ರ ನೋಡಿ ಆಸ್ಪತ್ರೆ ಆರಿಸುವುದಕ್ಕಿಂತ, ಆ ವಿಧಾನವನ್ನು ದಿನವೂ ಮಾಡುವ ಕೈಯನ್ನು ಆರಿಸುವುದು ಒಳ್ಳೆಯದು. ಹಿಂದೆ ನಮ್ಮ ಹಿತ್ತಿಲ ಬಪ್ಪಂಗಾಯಿಯ ಹಾಲಿನಿಂದ ತೆಗೆದ ಕೈಮೊಪಪೈನನ್ನು ಡಿಸ್ಕಿಗೆ ಚುಚ್ಚಿ ಕರಗಿಸುವ ಪದ್ಧತಿಯೂ ಇತ್ತು. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವರಿಗೆ ಪ್ರಾಣಾಂತಿಕ ಅಲರ್ಜಿಯಾದ್ದರಿಂದ ಮೂಲೆಗೆ ಸರಿಯಿತು.

ಮೊದಲ ಸಲ ಡಿಸ್ಕ್ ಜಾರಿ ಕಾಲು ಬೇನೆ ಬಂದವರಿಗೆ ಸ್ಕ್ರೂ ಹಾಕಿ ಎಲುಬು ಬೆಸೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಲುಬು ಮುಂದಕ್ಕೆ ಜಾರಿದ್ದರೆ, ಅದೇ ಡಿಸ್ಕ್ ಪದೇ ಪದೇ ಜಾರುತ್ತಿದ್ದರೆ ಮಾತು ಬೇರೆ. ಬೆಸೆಯಬೇಕು ಎಂದು ಹೇಳಿದರೆ "ಬರೀ ತುಂಡು ತೆಗೆದರೆ ಯಾಕೆ ಸಾಲದು?" ಎಂದು ಕೇಳಿ. ಉತ್ತರ ಸ್ಪಷ್ಟವಾಗಿರದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಕುತ್ತಿಗೆಯ ಡಿಸ್ಕಿನ ಕಥೆ ಮಾತ್ರ ಪೂರ್ತಿ ಬೇರೆ: ಅಲ್ಲಿ ಬೆನ್ನುಹುರಿಯೇ ಇರುವುದರಿಂದ ಅದನ್ನು ಸರಿಸುವಂತಿಲ್ಲ. ಹೆಚ್ಚಾಗಿ ಗಂಟಲಿನ ಕಡೆಯಿಂದ ಹೋಗಿ ಇಡೀ ಡಿಸ್ಕನ್ನು ತೆಗೆದು ಬೆಸೆಯುತ್ತಾರೆ, ಅಥವಾ ಕೃತಕ ಡಿಸ್ಕ್ ಇಡುತ್ತಾರೆ.

ಉಳಿದ ತೂತು

ತುಂಡು ಹೊರಬಂದ ದಾರಿ ಹಾಗೆಯೇ ಉಳಿಯುತ್ತದೆ. ಮತ್ತೆ ಅದೇ ಜಾಗದಲ್ಲಿ ಜಾರುವುದು 100ರಲ್ಲಿ 5ರಿಂದ 15 ಜನರಿಗೆ. ಆ ತೂತಿನ ಅಳತೆಯೇ ಇಲ್ಲಿ ಮುಖ್ಯ. 2003ರಲ್ಲಿ ಕ್ಯಾರಗೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಸಣ್ಣ ಸೀಳಿನಿಂದ ತುಂಡು ಬಂದಿದ್ದವರಲ್ಲಿ ಮತ್ತೆ ಜಾರಿದ್ದು ಸುಮಾರು 1 ಶೇಕಡ. ಉಂಗುರದಲ್ಲಿ ಅಗಲ ತೂತು ಬಿದ್ದಿದ್ದವರಲ್ಲಿ 27 ಶೇಕಡ. ಹಾಗಾದರೆ ಒಳಗಿನದನ್ನೆಲ್ಲ ಕೆರೆದು ತೆಗೆದರಾಯಿತಲ್ಲ ಎಂದು ತೋರಬಹುದು. ಹಾಗೆ ಮಾಡಿದರೆ ಮತ್ತೆ ಜಾರುವುದು ಕಡಿಮೆಯಾಗುತ್ತದೆ ನಿಜ, ಆದರೆ ಡಿಸ್ಕ್ ಕುಸಿದು ಸೊಂಟ ಬೇನೆ ಹೆಚ್ಚುತ್ತದೆ. ಅಗಲ ತೂತು ಮುಚ್ಚಲು ಎಲುಬಿಗೆ ಕೂರಿಸುವ ಒಂದು ಸಾಧನ ಬಂದಿದೆ. ಅದು ದೊಡ್ಡ ತೂತು ಇರುವವರಿಗೆ ಮಾತ್ರ, ಎಲ್ಲರಿಗೂ ಅಲ್ಲ.

ಡ್ಯೂರಾ ಚೀಲ ಹರಿಯುವುದು ಇನ್ನೊಂದು ತೊಡಕು. ಮೊದಲ ಆಪರೇಶನ್ನಿನಲ್ಲಿ 100ರಲ್ಲಿ ಕೆಲವರಿಗೆ, ಎರಡನೆಯದರಲ್ಲಿ ಹಳೆಯ ಕಲೆ ಅಂಟಿಕೊಂಡಿರುವುದರಿಂದ ಇನ್ನೂ ಹೆಚ್ಚು. ಆಗಲೇ ಹೊಲಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಒಂದೆರಡು ದಿನ ಮಲಗಿರಬೇಕಾಗಬಹುದು. ಮನೆಗೆ ಬಂದ ಮೇಲೆ ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ, ಗಾಯದಿಂದ ನೀರಿನಂತೆ ಸೋರುವುದು ಕಂಡರೆ ಅದೇ ದಿನ ಹಿಂದಿರುಗಬೇಕು.

ಡಿಸ್ಕಿನ ಸೋಂಕು ಮೋಸದ ರೋಗ. ಕಾಲಿನ ಬೇನೆ ಹೋಗಿ ರೋಗಿ ಸಂತೋಷದಿಂದ ಮನೆಗೆ ಬಂದಿರುತ್ತಾನೆ. ಒಂದರಿಂದ ನಾಲ್ಕು ವಾರದ ನಂತರ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದಂಥ ಸೊಂಟ ಬೇನೆ ಶುರುವಾಗುತ್ತದೆ. ಹೊರಗಿನ ಗಾಯ ಚೆನ್ನಾಗಿಯೇ ಕಾಣುತ್ತದೆ, ಜ್ವರ ಇರಲೇಬೇಕೆಂದಿಲ್ಲ. ಸಿಆರ್‌ಪಿ ಎಂಬ ರಕ್ತಪರೀಕ್ಷೆ ಆಪರೇಶನ್ನಿನ ಎರಡು ಮೂರು ದಿನಕ್ಕೆ ಏರಿ, ಎರಡು ವಾರದ ಹೊತ್ತಿಗೆ ಇಳಿಯಬೇಕು. ಇಳಿಯದೆ ಮತ್ತೆ ಏರಿದರೆ ಎಂಆರ್‌ಐ ಬೇಕು, ವಾರಗಟ್ಟಲೆ ಆ್ಯಂಟಿಬಯಾಟಿಕ್ ಬೇಕು.

ಮನೆಗೆ ಬಂದ ಮೇಲೆ

ಆಪರೇಶನ್ ಆದ ದಿನವೇ ಅಥವಾ ಮರುದಿನ ನಡೆಸುತ್ತಾರೆ, ಒಂದೆರಡು ದಿನದಲ್ಲಿ ಕಳಿಸುತ್ತಾರೆ. ಕಾಲಿನ ಬೇನೆ ಮೊದಲು ಹೋಗುತ್ತದೆ, ಎಷ್ಟೋ ಜನರಿಗೆ ಎಚ್ಚರವಾಗುವಾಗಲೇ. ಬಲ ವಾರಗಳಲ್ಲಿ, ತಿಂಗಳುಗಳಲ್ಲಿ ಬರುತ್ತದೆ. ಮರಗಟ್ಟಿದ್ದು ಕೊನೆಗೆ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಪೆಟ್ಟಾದ ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಎಷ್ಟು ದೂರ ಎಂದು ಅಳೆದರೆ ತಾಳ್ಮೆ ಯಾಕೆ ಬೇಕೆಂದು ತಿಳಿಯುತ್ತದೆ.

ಹೊಲಿಗೆ ತೆಗೆಯುವುದು 10–12 ದಿನಕ್ಕೆ. ಮಳೆಗಾಲದಲ್ಲಿ ಬೆವರು, ತೇವದಿಂದ ಪಟ್ಟಿ ಒದ್ದೆಯಾದರೆ ಬದಲಿಸಬೇಕು. ಮೊದಲ ದಿನದಿಂದಲೇ ನಡೆಯಿರಿ, ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ. ಒಂದೇ ಸಮನೆ ಕೂರುವುದು ಅರ್ಧ ಗಂಟೆ ಮೀರದಿರಲಿ. ಕಾರಿನಲ್ಲಿ ಮಂಗಳೂರಿಗೆ ಹೋಗುವಾಗ ನಡುವೆ ಇಳಿದು ನಾಲ್ಕು ಹೆಜ್ಜೆ ಹಾಕಿ. ನೆಲದ ಹಾಸಿಗೆಗಿಂತ ಮಂಚ, ನೆಲದ ಕಕ್ಕಸಿಗಿಂತ ಕಮೋಡು ಅನುಕೂಲ. ಕೊನೆಗೆ ನಡು ತೂತಿನ ಪ್ಲಾಸ್ಟಿಕ್ ಕುರ್ಚಿಯನ್ನಾದರೂ ಇಟ್ಟುಕೊಳ್ಳಿ. ಆರು ವಾರ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಬೇಡ, ನಮಾಜು ಮಾಡುವವರು ಕುರ್ಚಿಯಲ್ಲಿ ಮಾಡಬಹುದು.

ಬಾಗಿ ಭಾರ ಎತ್ತುವುದು ಯಾಕೆ ಕೆಟ್ಟದ್ದು ಎಂಬುದಕ್ಕೆ ಅಳತೆಯೇ ಇದೆ. 1999ರಲ್ಲಿ ಒಬ್ಬ ಸ್ವಯಂಸೇವಕನ ಎಲ್4–ಎಲ್5 ಡಿಸ್ಕಿನೊಳಗೇ ಒತ್ತಡ ಅಳೆಯುವ ತಂತಿ ಇಟ್ಟು ನೋಡಿದರು. ಮಲಗಿದಾಗ 0.1, ನಿಂತಾಗ 0.5 ಮೆಗಾಪಾಸ್ಕಲ್. 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3, ಮೊಣಕಾಲು ಮಡಚಿ ಎತ್ತಿದಾಗ 1.7, ಅದನ್ನೇ ಮೈಗೆ ತಾಗಿಸಿ ಹಿಡಿದಾಗ 1.1. ಯೂರಿಯಾದ ಒಂದು ಚೀಲವೇ 45 ಕಿಲೋ ಎಂಬುದನ್ನು ನೆನಪಿಡಿ.

ಆದ್ದರಿಂದ ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸಲು ಬಾಗುವುದು, ನೆನೆದ ಬಟ್ಟೆಯ ಬಕೆಟ್ ಎತ್ತುವುದು ಆರು ವಾರ ಬೇರೆಯವರ ಕೆಲಸವಾಗಲಿ. ಕೂತು ಮಾಡುವ ಹಗುರ ಕೆಲಸಕ್ಕೆ 2ರಿಂದ 4 ವಾರದಲ್ಲಿ ಹೋಗಬಹುದು. ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು ನೆಲದ ಮೇಲೆ ಬಾಗಿ ಕೂರದೆ ಒರಗುವ ಕುರ್ಚಿ, ಎದೆಯ ಮಟ್ಟದ ಮೇಜು ಮಾಡಿಕೊಂಡು, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು. ಗೊನೆ ಹೊರುವುದು, ಮದ್ದು ಬಿಡಲು ಮರ ಹತ್ತುವುದು, ಗೋಣಿ ಎತ್ತುವುದು ಮೂರು ತಿಂಗಳ ನಂತರ, ಅದೂ ಫಿಸಿಯೋಥೆರಪಿಯಲ್ಲಿ ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಗಟ್ಟಿಯಾದ ಮೇಲೆ. ಬೆಲ್ಟನ್ನು ತಿಂಗಳುಗಟ್ಟಲೆ ಬಿಗಿದುಕೊಂಡರೆ ಆ ಸ್ನಾಯುಗಳಿಗೆ ಕೆಲಸವೇ ಇಲ್ಲದೆ ಸೊರಗುತ್ತವೆ.

ಡಿಸ್ಚಾರ್ಜ್ ಕಾಗದದಲ್ಲಿ ಯಾವ ಮಟ್ಟ, ಯಾವ ಬದಿ, ಡ್ಯೂರಾ ಹರಿದಿತ್ತೇ, ಉಂಗುರದ ತೂತು ಎಷ್ಟು ದೊಡ್ಡದಿತ್ತು ಎಂದು ಬರೆಸಿಕೊಳ್ಳಿ, ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳಿ. ಹಳೆಯ ಫಿಲ್ಮನ್ನು ಎಸೆಯಬೇಡಿ. ತಿಂಗಳುಗಳ ನಂತರ ಕಾಲಿಗೆ ಮತ್ತೆ ಬೇನೆ ಇಳಿದರೆ ಗ್ಯಾಡೊಲಿನಿಯಂ ಎಂಬ ಮದ್ದು ಚುಚ್ಚಿ ಎಂಆರ್‌ಐ ತೆಗೆಯುತ್ತಾರೆ. ಗಾಯದ ಕಲೆಗೆ ರಕ್ತ ಹರಿಯುವುದರಿಂದ ಅದು ಬೆಳ್ಳಗೆ ಹೊಳೆಯುತ್ತದೆ, ಹೊಸದಾಗಿ ಜಾರಿದ ತುಂಡಿನ ಒಳಭಾಗ ಕಪ್ಪಾಗಿಯೇ ಉಳಿಯುತ್ತದೆ. ತುಂಡಾದರೆ ಎರಡನೇ ಸಲ ತೆಗೆಯಬಹುದು, ಬರೀ ಕಲೆಯಾದರೆ ಮತ್ತೆ ಆಪರೇಶನ್ ಮಾಡಿ ಹೆಚ್ಚಿನ ಫಲವಿಲ್ಲ. ಹಳೆಯ ಫಿಲ್ಮನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಎರಡನ್ನು ಬೇರ್ಪಡಿಸುವುದು ಇನ್ನೂ ಸುಲಭ.